‘ಸಡಿಲವಾಗಿದೆ’ ಅನ್ನಿಸಿದರೆ: ವ್ಯಾಯಾಮವೋ, ಪೆಸರಿಯೋ, ಲೇಸರೋ, ಆಪರೇಷನ್ನೋ?

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದು ಘಾಟು ಎದ್ದ ಕೂಡಲೇ ನಮ್ಮ ಅಡುಗೆಮನೆಯ ಹೆಂಗಸರೆಲ್ಲ ಕಾಲಿಗೆ ಕಾಲು ಹೆಣೆದು ನಿಂತುಬಿಡುತ್ತಿದ್ದರು. ಅದು ಸೀನು ತಡೆಯುವ ಉಪಾಯ ಅಂತಲೇ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಎರಡನೇ ಹೆರಿಗೆಯಾಗಿ ಏಳು ತಿಂಗಳಿಗೆ, ಬೆಂಗಳೂರಿನ ನನ್ನದೇ ಅಡುಗೆಮನೆಯಲ್ಲಿ, ಒಂದು ಸೀನಿಗೆ ಚೂಡಿದಾರದ ಪ್ಯಾಂಟು ಒದ್ದೆಯಾಯಿತು. ಅವರು ತಡೆಯುತ್ತಿದ್ದದ್ದು ಸೀನನ್ನಲ್ಲ ಅಂತ ಆವತ್ತು ಗೊತ್ತಾಯಿತು.

ಅದರ ಜತೆಗೆ ಬಾಯಿಬಿಟ್ಟು ಹೇಳಲಾಗದ ಇನ್ನೊಂದು. ಗಂಡನ ಜತೆ ಮಲಗಿದಾಗ ಯೋನಿ ಸಡಿಲವಾಗಿದೆ, ‘ಮೊದಲಿನ ಹಾಗಿಲ್ಲ’ ಅನ್ನುವ ಭಾವನೆ. ಅವರೇನೂ ಅನ್ನಲಿಲ್ಲ, ನನಗೇ ಅನ್ನಿಸುತ್ತಿತ್ತು. ಒಂದು ರಾತ್ರಿ ಫೋನಿನಲ್ಲಿ ಹುಡುಕಿದ್ದೇ ತಡ, ವಾರವಿಡೀ ಜಾಹೀರಾತಿನ ಸುರಿಮಳೆ. ಅದನ್ನೇ ನಂಬಿ ಒಂದು ಕ್ಲಿನಿಕ್ಕಿಗೂ ಹೋದೆ. ಡಾಕ್ಟರಿಗಿಂತ ಮೊದಲು ‘ಕೌನ್ಸೆಲರ್’ ಸಿಕ್ಕರು. ಲ್ಯಾಮಿನೇಟ್ ಮಾಡಿಸಿದ ಹಾಳೆ, ಅದರಲ್ಲಿ ಮೂರು ಸಿಟ್ಟಿಂಗಿನ ‘ಟೈಟನಿಂಗ್’ ಪ್ಯಾಕೇಜು, ಕೆಳಗಡೆ ಇಎಂಐ ಲೆಕ್ಕ. ನಿಮಗೇನು ತೊಂದರೆ ಅಂತ ಮಾತ್ರ ಯಾರೂ ಕೇಳಲಿಲ್ಲ. ನೀರು ಕುಡಿದು ಎದ್ದು ಬಂದೆ.

ಆಮೇಲೆ ನೋಡಿದ ಡಾಕ್ಟರ್ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಸಡಿಲ ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆಬೇರೆ ಕಾಯಿಲೆಗಳಿರುತ್ತವೆ, ಒಂದೊಂದಕ್ಕೂ ಮದ್ದು ಬೇರೆ ಅನ್ನುವುದು ನನಗೆ ಅರ್ಥವಾದದ್ದು ಆ ಹತ್ತು ನಿಮಿಷದಲ್ಲಿ. ಹಾಗಾಗಿ ಮದ್ದುಗಳನ್ನು ಹೋಲಿಸುವ ಮೊದಲು ತೊಂದರೆಗಳನ್ನು ಬೇರ್ಪಡಿಸೋಣ.

ಅಲ್ಲಿ ಇರುವುದೇನು

ಸೊಂಟದ ಮೂಳೆಗಳ ನಡುವೆ, ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ, ಮಗುವಿನ ಜೋಲಿಯ ಹಾಗೆ ಸ್ನಾಯುಗಳ ಒಂದು ಹಾಸು ಇದೆ. ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ. ಮೂತ್ರಚೀಲ, ಗರ್ಭಕೋಶ, ಗುದನಾಳ ಮೂರಕ್ಕೂ ಇದೇ ಆಸರೆ. ಮೂತ್ರದ ದಾರಿ, ಯೋನಿ, ಗುದದ್ವಾರ ಮೂರೂ ಇದರ ನಡುವಿನಿಂದಲೇ ಹಾದುಹೋಗುತ್ತವೆ. ಯೋನಿ ಸದಾ ತೆರೆದಿರುವ ಕೊಳವೆ ಅಲ್ಲ. ಸುಮ್ಮನಿದ್ದಾಗ ಅದರ ಗೋಡೆಗಳು ಒಂದಕ್ಕೊಂದು ತಾಗಿಯೇ ಇರುತ್ತವೆ, ಹಾಗೆ ಮುಚ್ಚಿಟ್ಟಿರುವುದು ಈ ಸ್ನಾಯುವಿನ ಬಿಗಿ.

ಹೆರಿಗೆಯಲ್ಲಿ ಮಗುವಿನ ತಲೆ ಇಳಿಯುವಾಗ ಈ ಹಾಸಿನ ಒಳಅಂಚು ಸಹಜ ಉದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ ಅಂತ ಕಂಪ್ಯೂಟರ್ ಮಾದರಿಗಳ ಲೆಕ್ಕ. ದೇಹದ ಬೇರೆ ಯಾವ ಸ್ನಾಯುವನ್ನು ಅಷ್ಟು ಎಳೆದರೂ ಹರಿದೇಹೋಗುತ್ತದೆ. ಇದು ಬಹುಪಾಲು ಹೆಂಗಸರಲ್ಲಿ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಮುಂದಿನ ಮೂಳೆಯಿಂದ ಕಿತ್ತುಬರುತ್ತದೆ, ಫೋರ್ಸೆಪ್ಸ್ ಅನ್ನುವ ಇಕ್ಕಳ ಹಾಕಿ ಹೆರಿಗೆ ಮಾಡಿಸಿದವರಲ್ಲಿ ಹೀಗಾಗುವುದು ಹೆಚ್ಚು. ಆಮೇಲೆ ಮುಟ್ಟು ನಿಲ್ಲುವುದು, ವರ್ಷಗಟ್ಟಲೆ ಮಲಬದ್ಧತೆ, ಬಿಡದ ಕೆಮ್ಮು, ಹೊತ್ತ ಕೊಡ, ಹೊತ್ತ ಸೊಪ್ಪಿನ ಹೊರೆ. ಎಲ್ಲದರ ಭಾರವೂ ಬಂದು ಬೀಳುವುದು ಈ ಜೋಲಿಯ ಮೇಲೆ.

ಲೈಂಗಿಕ ಸಂಪರ್ಕದಿಂದ ಯೋನಿ ಸಡಿಲವಾಗುವುದಿಲ್ಲ. ಇದನ್ನು ಬೇರೆಯಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ಹುಡುಗಿಯರ ನಡತೆ ಅಳೆಯಲು ಇದೇ ಮೂಢನಂಬಿಕೆ ಬಳಕೆಯಾಗಿದೆ, ನ್ಯಾಯಾಲಯದ ಒಳಗೂ. ಅತ್ಯಾಚಾರಕ್ಕೊಳಗಾದವರಿಗೆ ಮಾಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಹುಟ್ಟಿದ್ದು ಇದರಿಂದಲೇ. 2013ರಲ್ಲಿ ಸುಪ್ರೀಂ ಕೋರ್ಟು ಅದು ಹೆಣ್ಣಿನ ಖಾಸಗಿತನಕ್ಕೆ ಧಕ್ಕೆ ಅಂದಿತು. 2022ರ ಅಕ್ಟೋಬರಿನಲ್ಲಿ, ಹಾಗೆ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಅಂತಲೇ ಹೇಳಿತು.

ನಿಮ್ಮದು ಯಾವುದು?

ಕೆಮ್ಮಿದಾಗ, ನಕ್ಕಾಗ, ಮಗುವನ್ನು ಎತ್ತಿದಾಗ ಮೂತ್ರ ಸೋರುವುದು ಒಂದು ಬಗೆ. ಬೀಗ ತೆಗೆಯುವಷ್ಟರಲ್ಲಿ ತಡೆಯಲಾಗದೆ ಓಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ದೋಷ ಮುಖ್ಯವಾಗಿ ಮೂತ್ರಚೀಲದ ಅವಸರದ್ದು, ಅದಕ್ಕೆ ಬೇರೆ ತರಬೇತಿ, ಬೇರೆ ಮಾತ್ರೆಗಳಿವೆ.

ಸಂಜೆಯ ಹೊತ್ತಿಗೆ ಕೆಳಗೆ ಭಾರ, ಸ್ನಾನ ಮಾಡುವಾಗ ಕೈಗೆ ಮೆತ್ತನೆಯ ಗಡ್ಡೆಯಂಥದ್ದು ಸಿಗುವುದು, ಮಲಗಿದರೆ ಒಳಗೆ ಹೋಗುವುದು. ಇದು ಜಾರುವಿಕೆ. ಊರಕಡೆ ‘ಗರ್ಭಚೀಲ ಇಳಿದಿದೆ’ ಅನ್ನುತ್ತಾರೆ. ಆದರೆ ಇಳಿದದ್ದು ಗರ್ಭಚೀಲವೇ ಆಗಬೇಕಿಲ್ಲ, ಎಷ್ಟೋ ಸಲ ಮೂತ್ರಚೀಲವೋ ಗುದನಾಳವೋ ಯೋನಿಯ ಗೋಡೆಯನ್ನು ಒತ್ತಿಕೊಂಡು ಬಂದಿರುತ್ತದೆ. ಡಾಕ್ಟರುಗಳು ಇದನ್ನು 0ಯಿಂದ 4ರವರೆಗೆ ಹಂತ ಹಾಕಿ ಅಳೆಯುತ್ತಾರೆ. ನಿಮ್ಮದು ಯಾವ ಹಂತ, ಯಾವ ಗೋಡೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಸಂಭೋಗದಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಗಾಳಿಯ ಸದ್ದು, ಸ್ನಾನದ ನೀರು ಒಳಗೆ ನಿಂತು ಆಮೇಲೆ ಸೋರುವುದು, ಮುಟ್ಟಿನ ಕಪ್ ಜಾರುವುದು. ಹೊಲಿಗೆ ಸರಿಯಾಗಿ ಕೂಡಿಕೊಳ್ಳದ ಹೆರಿಗೆಗಾಯವೂ ಹೀಗೆ ಮಾಡೀತು. ‘ಸಡಿಲ’ ಅನ್ನುವ ಮಾತಿಗೆ ನಿಜವಾಗಿ ಹೊಂದುವುದು ಇದು. ಇದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲ, ಹೆಣ್ಣು ಹೇಳಿದ್ದೇ ಲಕ್ಷಣ. ಅದಕ್ಕೇ ಮಾರುವವರಿಗೆ ಈ ಜಾಗ ಅಷ್ಟು ಪ್ರಿಯ.

ಇನ್ನು ಕೆಲವರಿಗೆ ತೊಂದರೆ ಸಡಿಲವಲ್ಲ, ಒಣಗುವುದು. ಮುಟ್ಟು ನಿಂತ ಮೇಲೆ, ಹಾಗೆಯೇ ಮೊಲೆಯೂಡಿಸುವಾಗ, ಈಸ್ಟ್ರೊಜೆನ್ ಅನ್ನುವ ಹಾರ್ಮೋನು ಕಡಿಮೆಯಾಗಿ ಗೋಡೆ ತೆಳುವಾಗಿ ಉರಿಯುತ್ತದೆ. ಮತ್ತೆ ಕೆಲವರ ಸ್ನಾಯು ಸದಾ ಬಿಗಿದೇ ಇರುತ್ತದೆ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ಕಷ್ಟ, ಆದರೂ ಸೋರುವಿಕೆ. ದಣಿದ ಸ್ನಾಯು ಸಮಯಕ್ಕೆ ಸರಿಯಾಗಿ ಒದಗುವುದಿಲ್ಲ, ಅಷ್ಟೆ. ಇಂಥವರು ಯಾರದೋ ಮಾತು ಕೇಳಿ ಬಿಗಿ ಮಾಡುವ ವ್ಯಾಯಾಮ ಮಾಡಿದರೆ ನೋವು ಹೆಚ್ಚುತ್ತದೆ. ಅವರು ಕಲಿಯಬೇಕಾದದ್ದು ಸಡಿಲ ಬಿಡುವುದನ್ನು.

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರ ಕಟ್ಟಿಕೊಂಡರೆ, ಮಲ ಸೋರಿದರೆ, ತೊಡೆಸಂದು ಜೋಮು ಹಿಡಿದಂತಾದರೆ ಈ ಲೇಖನ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ವ್ಯಾಯಾಮ: ಒಬ್ಬರೇ ಮಾಡುವುದೋ, ಹೇಳಿಸಿಕೊಂಡು ಮಾಡುವುದೋ

ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು. ಈಗ ಎಲ್ಲರ ಬಾಯಲ್ಲೂ ಅವರ ಹೆಸರು. ಆದರೆ ಅವರು ಬರೀ ಬಾಯಲ್ಲಿ ಹೇಳಿ ಕಳಿಸುತ್ತಿರಲಿಲ್ಲ. ಯೋನಿಯೊಳಗಿನ ಒತ್ತಡ ಅಳೆಯುವ ಉಪಕರಣವನ್ನು ತಾವೇ ಮಾಡಿಸಿ, ಬಿಗಿ ಎಷ್ಟು ಬಂತು ಅಂತ ಆ ಹೆಣ್ಣುಮಗಳಿಗೇ ಮುಳ್ಳು ತೋರಿಸುತ್ತಿದ್ದರು. ಆ ಅರ್ಧ ಎಲ್ಲರಿಗೂ ಮರೆತುಹೋಗಿದೆ. 1991ರಲ್ಲಿ ಅಮೆರಿಕದಲ್ಲೇ 47 ಮಹಿಳೆಯರಿಗೆ ಚಿಕ್ಕದಾಗಿ ಬಾಯಿಮಾತಿನಲ್ಲಿ ಹೇಳಿಕೊಟ್ಟು ಪರೀಕ್ಷಿಸಿದರು. ಸರಿಯಾಗಿ ಬಿಗಿಮಾಡಿದವರು ಸುಮಾರು ಅರ್ಧದಷ್ಟು. ನಾಲ್ಕರಲ್ಲಿ ಒಬ್ಬರು ಸೋರುವಿಕೆಯನ್ನೇ ಹೆಚ್ಚಿಸುವ ರೀತಿಯಲ್ಲಿ ಮಾಡುತ್ತಿದ್ದರು.

ನಾನೂ ಅದೇ ಗುಂಪು. ಎರಡು ತಿಂಗಳು ಯೂಟ್ಯೂಬ್ ನೋಡಿ ಮಾಡಿದ್ದೆ. ಫಿಸಿಯೋಥೆರಪಿಸ್ಟ್ ಕೈಗವಸು ಹಾಕಿ ಒಂದು ಬೆರಳಿಟ್ಟು ‘ಈಗ ಬಿಗಿ ಮಾಡಿ’ ಅಂದರು. ಮಾಡಿದೆ. ‘ನೀವು ನನ್ನ ಬೆರಳನ್ನು ಹೊರಗೆ ತಳ್ಳುತ್ತಿದ್ದೀರಿ, ಉಸಿರೂ ಕಟ್ಟಿದ್ದೀರಿ’ ಅಂದರು. ಎರಡು ತಿಂಗಳು ದಿನಕ್ಕೆ ಮೂರು ಹೊತ್ತು ನಾನು ಶ್ರದ್ಧೆಯಿಂದ ಮಾಡಿದ್ದು ತಿಣುಕುವುದನ್ನು! ನಗು ಬಂತು, ನಗುವಾಗ ಒಂದು ಹನಿ ಸೋರಿತು, ಅವರೂ ನಕ್ಕರು.

ಸರಿಯಾದ ಕ್ರಮ ಇಷ್ಟು. ಗಾಳಿ ಹೊರಹೋಗದಂತೆ ಹಿಂದೆ ತಡೆಯಿರಿ, ಅದೇ ಗಳಿಗೆ ಮೂತ್ರ ತಡೆದಂತೆ ಮುಂದೆಯೂ ತಡೆಯಿರಿ, ಎರಡನ್ನೂ ಸೇರಿಸಿ ಒಳಗೆ, ಮೇಲಕ್ಕೆ ಸೆಳೆದುಕೊಳ್ಳಿ. ಪೃಷ್ಠ, ತೊಡೆ, ಹೊಟ್ಟೆ ಗಟ್ಟಿಯಾಗಬಾರದು, ಉಸಿರಾಟ ನಡೆಯುತ್ತಿರಬೇಕು. ಆರರಿಂದ ಹತ್ತು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಬಿಡಬೇಕು. ಬಿಡುವುದೂ ವ್ಯಾಯಾಮವೇ. ಇಂಥ ಎಂಟಾದರೂ ಬಿಗಿತ, ದಿನಕ್ಕೆ ಮೂರು ಸಲ. ಮೂತ್ರ ಮಾಡುತ್ತ ನಡುವೆ ತಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಅದು ಮೂತ್ರಚೀಲ ಖಾಲಿಯಾಗುವ ಕ್ರಮವನ್ನೇ ಕೆಡಿಸುತ್ತದೆ. ಯೋಗ ಮಾಡಿದವರಿಗೆ ಮೂಲಬಂಧ, ಅಶ್ವಿನಿ ಮುದ್ರೆ ಗೊತ್ತಿರುತ್ತದೆ. ಇದು ಅವೆರಡರ ಹತ್ತಿರದ ನೆಂಟ. ಆದರೆ ಅಶ್ವಿನಿಯಲ್ಲಿ ಗಮನವೆಲ್ಲ ಗುದದ ಮೇಲಿರುವುದರಿಂದ ಮುಂಭಾಗ ಬಿಟ್ಟುಹೋಗಬಹುದು.

ಇನ್ನೊಂದು ಚಿಕ್ಕ ಉಪಾಯ ಇದೆ. ಸೀನು ಬರುವ ಒಂದು ಕ್ಷಣ ಮುಂಚೆ ಬಿಗಿಮಾಡಿ ಹಿಡಿಯುವುದು. ಒಗ್ಗರಣೆ ಮುಂದೆ ನಿಂತು ಇದನ್ನೇ ಅಭ್ಯಾಸ ಮಾಡಿದೆ. ಕಾಲು ಹೆಣೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಫಲ ಕಾಣಲು ಕಾಲ ಬೇಕು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯ ಪ್ರಕಾರ ಸೋರುವಿಕೆಗೆ ಕನಿಷ್ಠ ಮೂರು ತಿಂಗಳು, 1 ಅಥವಾ 2ನೇ ಹಂತದ ಜಾರುವಿಕೆಗೆ ಕನಿಷ್ಠ 16 ವಾರ, ಎರಡೂ ಬಲ್ಲವರ ಉಸ್ತುವಾರಿಯಲ್ಲಿ. ಜಾರುವಿಕೆಯಿದ್ದ 447 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬೊಬ್ಬರಿಗೂ ಹೇಳಿಕೊಟ್ಟ ವ್ಯಾಯಾಮದಿಂದ ಲಕ್ಷಣಗಳು ವರ್ಷದ ಹೊತ್ತಿಗೆ ಕಡಿಮೆಯಾಗಿದ್ದವು. ಮೂಳೆಯಿಂದ ಕಿತ್ತುಬಂದ ಸ್ನಾಯುವನ್ನು ವ್ಯಾಯಾಮ ಮತ್ತೆ ಅಂಟಿಸುವುದಿಲ್ಲ, ಇಳಿದುಬಂದ ಗರ್ಭಕೋಶವನ್ನು ಮೊದಲಿನ ಜಾಗಕ್ಕೆ ಏರಿಸುವುದಿಲ್ಲ. ಉಳಿದ ಸ್ನಾಯುವನ್ನು ಗಟ್ಟಿ ಮಾಡುತ್ತದೆ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ.

ಒಬ್ಬರೇ ಮಾಡುವುದಕ್ಕೂ ಹೇಳಿಸಿಕೊಂಡು ಮಾಡುವುದಕ್ಕೂ ನಡುವೆ ಆರಿಸಬೇಕಾದರೆ ನನ್ನ ಮಾತು ಇಷ್ಟೇ. ಪ್ರತಿವಾರ ಹೋಗುವ ಅನುಕೂಲವಿಲ್ಲದಿದ್ದರೂ ಒಂದು ಸಲವಾದರೂ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮೂರಲ್ಲಿ ಇದಕ್ಕೆಂದೇ ಫಿಸಿಯೋಥೆರಪಿಸ್ಟ್ ಇಲ್ಲದಿದ್ದರೆ ಸ್ತ್ರೀರೋಗತಜ್ಞೆಯನ್ನೇ ‘ಸರಿಯಾಗಿ ಬಿಗಿ ಬರುತ್ತಿದೆಯಾ, ನೋಡಿ ಹೇಳಿ’ ಅಂತ ಕೇಳಿ. ಎರಡು ನಿಮಿಷದ ಕೆಲಸ.

ಉಪಕರಣಗಳ ಮಾತಿಗೆ ಹೆಚ್ಚು ಹೊತ್ತು ಬೇಡ. ಆ್ಯಪ್‌ಗೆ ಜೋಡಿಸುವ ಮೊಟ್ಟೆಯಾಕಾರದ ಸಾಧನ, ಒಳಗಿಡುವ ತೂಕದ ಶಂಕುಗಳು ಅಭ್ಯಾಸಕ್ಕೆ ಹುರುಪು ಕೊಡುತ್ತವೆ, ಬೇಕಾದರೆ ಕೊಳ್ಳಿ. ಬಯೋಫೀಡ್‌ಬ್ಯಾಕ್, ಅಂದರೆ ಬಿಗಿ ಎಷ್ಟು ಬಂತು ಅಂತ ಉಪಕರಣದಲ್ಲಿ ತೋರಿಸುವುದನ್ನು, ಸೇರಿಸಿದರೆ ಹೆಚ್ಚು ಲಾಭವಿದೆಯೇ ಅಂತ ಬ್ರಿಟನ್ನಿನಲ್ಲಿ 600 ಮಹಿಳೆಯರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರು. 2020ರಲ್ಲಿ ಬಂದ ಉತ್ತರ: ಸರಿಯಾಗಿ ಕಲಿಸಿದ ಬರೀ ವ್ಯಾಯಾಮಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಜೆಲ್, ಪಟಿಕ, ಮಾಚಿಕಾಯಿ

2012ರಲ್ಲಿ ‘18 ಎಗೇನ್’ ಅನ್ನುವ ಜೆಲ್ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಸೀರೆಯುಟ್ಟ ಹೆಂಗಸು ಕುಣಿಯುವ ಅದರ ಜಾಹೀರಾತಿಗೆ ಆಗಲೇ ಸಾಕಷ್ಟು ಬೈಗುಳ ಬಿದ್ದಿತ್ತು. ಹೆಸರೇ ಹೇಳುತ್ತದೆ, ಮಾರುತ್ತಿರುವುದು ಮದ್ದನ್ನಲ್ಲ, ವಯಸ್ಸಿನ ಆಸೆಯನ್ನು. ಪಟಿಕವೂ ಅಷ್ಟೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಆ ಬಿಳಿ ಕಲ್ಲು ಚರ್ಮವನ್ನು ಒಂದಷ್ಟು ಹೊತ್ತು ಸಂಕುಚಿಸುತ್ತದೆ, ಒಣಗಿಸುತ್ತದೆ. ಮಾಚಿಕಾಯಿಯ ಒಗರೂ ಅದೇ ಕೆಲಸ ಮಾಡುತ್ತದೆ. ಮಗುವಿಗೆ ಬಜೆ, ಜಾಯಿಕಾಯಿಯ ಜತೆ ತೇಯುವ ಮಾಚಿಕಾಯಿಯೇ ಮಲೇಷಿಯಾದಲ್ಲಿ ಬಾಣಂತಿಯರ ಬಿಗಿಗುಳಿಗೆಯಾಗಿ ಮಾರಾಟವಾಗುತ್ತದೆ. ಬಿಗಿ ಅನ್ನಿಸುವುದು ಒಣಗಿದ ಗೋಡೆಯ ಘರ್ಷಣೆ ಮಾತ್ರ, ಒಳಗಿನ ಸ್ನಾಯುವಿಗೆ ಅದು ತಟ್ಟುವುದೇ ಇಲ್ಲ. ಒಳಗಿರುವ ಒಳ್ಳೆಯ ಬ್ಯಾಕ್ಟೀರಿಯಾ ಹಾಳಾಗಿ ಉರಿ, ಸೋಂಕು ಬರಬಹುದು. ಈ ಸಾಲಿನಲ್ಲಿ ಹೋಲಿಸುವುದಕ್ಕೇ ಏನಿಲ್ಲ, ಬಿಟ್ಟುಬಿಡಿ.

ಬಾಣಂತನದಲ್ಲಿ ಹಳೆ ಸೀರೆಯಿಂದ ಹೊಟ್ಟೆ ಕಟ್ಟುವುದರ ಬಗ್ಗೆ ತುಂಬ ಜನ ಕೇಳುತ್ತಾರೆ. ಹಗುರವಾಗಿ ಕಟ್ಟಿದರೆ ಬೆನ್ನಿಗೆ ಆಸರೆ, ಹಿತವಾಗಿಯೂ ಇರುತ್ತದೆ. ಉಸಿರು ಕಟ್ಟುವಷ್ಟು ಬಿಗಿದರೆ ಆ ಒತ್ತಡವೆಲ್ಲ ಇಳಿಯುವುದು ಕೆಳಗಿನ ಜೋಲಿಯ ಮೇಲೆ. ಅಮ್ಮನಿಗೆ ಇದನ್ನು ಹೇಳಿ ಒಪ್ಪಿಸುವುದು ನಿಮ್ಮ ಸಾಮರ್ಥ್ಯ.

ಜೆಲ್‌ಗಳ ಗುಂಪಿಗೆ ಸೇರಿಸಬಾರದ ಒಂದು ಮದ್ದು ಇದೆ, ಈಸ್ಟ್ರೊಜೆನ್ ಕ್ರೀಮು. ಮುಟ್ಟು ನಿಂತವರ ಒಣಗುವಿಕೆ, ಉರಿ, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು ಇವಕ್ಕೆ ಇದು ನಿಜವಾಗಿ ಕೆಲಸ ಮಾಡುತ್ತದೆ. ಬಿಗಿ ಮಾಡುವುದಿಲ್ಲ, ಆದರೆ ಗೋಡೆಗೆ ಜೀವ ಬಂದಾಗ ಉಳಿದ ಕಾಟ ಎಷ್ಟೋ ಕಡಿಮೆಯಾಗುತ್ತದೆ. ಡಾಕ್ಟರ ಚೀಟಿಯಿಂದಲೇ ತೆಗೆದುಕೊಳ್ಳಬೇಕು. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು.

ಚಿಕ್ಕಮ್ಮನ ಕೋಡುಬಳೆ

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನಿಗೆ 68. ಐದು ಹೆರಿಗೆ, ಎಲ್ಲ ಮನೆಯಲ್ಲೇ. ಹನ್ನೆರಡು ವರ್ಷದಿಂದ ‘ಕೆಳಗೆ ಬರುತ್ತದೆ’ ಅಂತ ಯಾರಿಗೂ ಹೇಳದೆ, ಬಟ್ಟೆ ಕಟ್ಟಿಕೊಂಡು ಗದ್ದೆಗೆ ಹೋಗಿದ್ದರು. ನನ್ನ ಕಥೆ ಕೇಳಿದ ಮೇಲೆ ಅವರ ಕಥೆ ಹೊರಗೆ ಬಂತು. 3ನೇ ಹಂತ ಅಂದರು ಡಾಕ್ಟರ್. ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ, ಜತೆಗೆ ಆಪರೇಷನ್ ಅಂದರೆ ಹೆದರಿಕೆ. ಡಾಕ್ಟರ್ ಮೇಜಿನ ಡ್ರಾಯರಿನಿಂದ ಸಿಲಿಕೋನಿನ ಒಂದು ಬಳೆ ತೆಗೆದು ಕೈಗಿಟ್ಟರು. ಚಿಕ್ಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದೇನೇ, ಕೋಡುಬಳೆ ಇದ್ದ ಹಾಗಿದೆ’ ಅಂದರು.

ಅದು ಪೆಸರಿ. ಮಡಿಚಿ ಒಳಗೆ ಹಾಕಿದರೆ ಬಿಚ್ಚಿಕೊಂಡು, ಇಳಿದುಬರುವುದನ್ನು ಎತ್ತಿ ಹಿಡಿಯುತ್ತದೆ. ಅಳತೆ ಸರಿಯಾದರೆ ಒಳಗಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಮೊದಲ ಸಲದ್ದು ಬಚ್ಚಲಲ್ಲಿ ಜಾರಿತು, ಒಂದು ಅಳತೆ ದೊಡ್ಡದು ಹಾಕಿದ ಮೇಲೆ ನಿಂತಿತು. ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕನ್ನಡಕದ ಹಾಗೆ ಇರುವಷ್ಟು ಹೊತ್ತು ಕೆಲಸ ಮಾಡುತ್ತದೆ. ತಾನೇ ತೆಗೆದು ತೊಳೆದು ಹಾಕಿಕೊಳ್ಳಲು ಬಂದರೆ ಉತ್ತಮ. ಇಲ್ಲದಿದ್ದರೆ ಡಾಕ್ಟರ್ ಹೇಳಿದ ಅವಧಿಗೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ, ಹೋಗಲೇಬೇಕು. ಹಾಕಿಸಿಕೊಂಡು ವರ್ಷಗಟ್ಟಲೆ ಮರೆತರೆ ಗೋಡೆ ಹುಣ್ಣಾಗುತ್ತದೆ. ಇದರ ಒಂದೇ ದೊಡ್ಡ ಅಪಾಯ ಈ ಮರೆವು.

ನಮ್ಮಲ್ಲಿ ಪೆಸರಿಯ ಹೆಸರು ಎತ್ತುವ ಡಾಕ್ಟರು ಕಡಿಮೆ, ಕೇಳುವ ಹೆಂಗಸರು ಇನ್ನೂ ಕಡಿಮೆ. ಜಾರುವಿಕೆಗೆ ಆಪರೇಷನ್ ಅಂದವರಿಗೆ ‘ಮೊದಲು ಪೆಸರಿ ಹಾಕಿ ನೋಡಬಹುದಾ?’ ಅಂತ ನೀವೇ ಕೇಳಿ. ಆದರೆ ಸಂಭೋಗದಲ್ಲಿನ ಸಡಿಲಕ್ಕೆ ಇದು ಮದ್ದಲ್ಲ.

ಲೇಸರ್, ರೇಡಿಯೋ ತರಂಗ, ಕುರ್ಚಿ

ಯೋನಿಯ ಗೋಡೆಯನ್ನು ಕಾಯಿಸಿದರೆ ಅದಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ನಾರು ಹೊಸದಾಗಿ ಹುಟ್ಟಿ ಬಿಗಿಯಾಗುತ್ತದೆ ಅನ್ನುವುದು ವಾದ. 2018ರ ಜುಲೈ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ವಿರುದ್ಧ ಎಚ್ಚರಿಕೆ ಕೊಟ್ಟಿತು. ಯೋನಿಯ ‘ಪುನರ್‌ಯೌವನ’ಕ್ಕೆ ಈ ಯಂತ್ರಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಸಾಬೀತಾಗಿಲ್ಲ, ಸುಟ್ಟಗಾಯ, ಕಲೆಗಟ್ಟುವುದು, ಸಂಭೋಗದಲ್ಲಿ ನೋವು, ಬಿಡದ ನೋವು ವರದಿಯಾಗಿವೆ ಅಂದಿತು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ 85 ಮಂದಿಯಲ್ಲಿ ಅರ್ಧಕ್ಕೆ ನಿಜವಾದ ಲೇಸರ್, ಅರ್ಧಕ್ಕೆ ಸುಳ್ಳು ಲೇಸರ್ ಕೊಟ್ಟು ನೋಡಿದರು. ವರ್ಷ ಕಳೆದ ಮೇಲೆ ಒಣಗುವಿಕೆ, ಉರಿಯಂಥ ಲಕ್ಷಣಗಳಲ್ಲಿ ಎರಡೂ ಗುಂಪಿಗೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. 2021ರಲ್ಲಿ ಇದು ಪ್ರಕಟವಾಯಿತು.

ರೇಡಿಯೋ ತರಂಗದ ಕಥೆ ಸ್ವಲ್ಪ ಬೇರೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಸಡಿಲದ ದೂರಿಗೆಂದೇ ಮಾಡಿದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ತಿಂಗಳಿಗೆ ಸುಳ್ಳು ಚಿಕಿತ್ಸೆಗಿಂತ ಫಲ ಚೆನ್ನಾಗಿತ್ತು. ಅದೇ ಯಂತ್ರದ ಮುಂದಿನ ಪರೀಕ್ಷೆ ತಾನೇ ಹಾಕಿಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ. ಬಟ್ಟೆ ತೊಟ್ಟೇ ಕೂರುವ ಕಾಂತೀಯ ಕುರ್ಚಿ ಸ್ನಾಯುವನ್ನು ತಾನಾಗಿ ಕುಣಿಸುತ್ತದೆ, ಅಪಾಯ ಕಡಿಮೆ. ಆದರೆ ನೀವು ಮನೆಯಲ್ಲಿ ಪುಕ್ಕಟೆ ಮಾಡಬಹುದಾದದ್ದಕ್ಕೆ ಸಿಟ್ಟಿಂಗಿನ ಲೆಕ್ಕದಲ್ಲಿ ದುಡ್ಡು. ಲ್ಯಾಮಿನೇಟ್ ಹಾಳೆಯ ಕ್ಲಿನಿಕ್ಕಿನಲ್ಲಿ ನನಗೆ ಹೇಳಿದ್ದ ಮೊತ್ತದಲ್ಲಿ ಫಿಸಿಯೋ ಫೀಸು ಎರಡು ವರ್ಷ ಕಟ್ಟಬಹುದಿತ್ತು.

ಕತ್ತರಿ ಹಿಡಿಯುವ ಮುನ್ನ

ಆಪರೇಷನ್ ಬೇಕಾದವರು ಇದ್ದಾರೆ. ಕೂಡಿಕೊಳ್ಳದ ಹೆರಿಗೆಗಾಯ, ಪೆಸರಿ ನಿಲ್ಲದ ಜಾರುವಿಕೆ, ವ್ಯಾಯಾಮಕ್ಕೆ ಬಗ್ಗದ ಸೋರುವಿಕೆ. ಇವಕ್ಕೆ ಒಳ್ಳೆಯ ಕೈ ಸಿಕ್ಕರೆ ಬದುಕೇ ಬದಲಾಗುತ್ತದೆ. ಆದರೆ ಬರೀ ‘ಬಿಗಿ’ಗಾಗಿ ಹೊಲಿಸುವುದು ಬೇರೆ ಮಾತು. ಹೊಲಿಗೆ ದ್ವಾರವನ್ನು ಕಿರಿದು ಮಾಡುತ್ತದೆ, ಸ್ನಾಯುವಿಗೆ ಬಲ ಕೊಡುವುದಿಲ್ಲ. ಹೆಚ್ಚು ಹೊಲಿದರೆ ಮುಂದೆ ಸಂಭೋಗವೇ ನೋವು. ಅಮೆರಿಕದ ಪ್ರಸೂತಿತಜ್ಞರ ಸಂಘ 2007ರಿಂದಲೇ ಇಂಥ ‘ಸೌಂದರ್ಯ’ದ ಆಪರೇಷನ್ನುಗಳ ಬಗ್ಗೆ ಎಚ್ಚರಿಸುತ್ತಿದೆ. ಹೆರಿಗೆಯ ಹೊಲಿಗೆ ಹಾಕುವಾಗ ‘ಒಂದು ಹೆಚ್ಚಿಗೆ ಹಾಕಿದ್ದೇನೆ, ಯಜಮಾನರಿಗೆ ಖುಷಿಯಾಗುತ್ತೆ’ ಅನ್ನುವ ತಮಾಷೆ ಈಗಲೂ ಕೇಳಿಬರುತ್ತದೆ. ಅದು ತಮಾಷೆಯಲ್ಲ.

ಹೆರಿಗೆಯಾಗಿ ವರ್ಷ ತುಂಬದವರು, ಇನ್ನೂ ಮೊಲೆಯೂಡಿಸುತ್ತಿರುವವರು ಇಂಥ ನಿರ್ಧಾರ ಮಾಡಬೇಡಿ. ದೇಹ ಇನ್ನೂ ತನ್ನ ಕೆಲಸ ಮುಗಿಸಿಲ್ಲ. ಇನ್ನೊಂದು ಮಗು ಬೇಕೆನ್ನುವವರೂ ಕಾಯಿರಿ.

ನಮ್ಮ ಕಡೆ ಜಾರುವಿಕೆ ಅಂದ ಕೂಡಲೇ ‘ತೆಗೆಸಿಬಿಡಿ’ ಅನ್ನುವುದು ವಾಡಿಕೆ. ಗರ್ಭಕೋಶ ಜಾರಿದ್ದು ಆಸರೆ ಸಡಿಲವಾದ್ದರಿಂದ, ಗರ್ಭಕೋಶದ ತಪ್ಪಿನಿಂದಲ್ಲ. ಬರೀ ಅದನ್ನು ತೆಗೆದು ಆಸರೆ ಸರಿಪಡಿಸದಿದ್ದರೆ ಯೋನಿಯ ಮೇಲ್ತುದಿಯೇ ಮುಂದೆ ಇಳಿದುಬರಬಹುದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಅಂತ ಸುಪ್ರೀಂ ಕೋರ್ಟು 2023ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಇನ್ನು ಬಲೆ. ಜಾರುವಿಕೆಗೆ ಯೋನಿಯ ದಾರಿಯಿಂದ ಹಾಕುತ್ತಿದ್ದ ಪ್ಲಾಸ್ಟಿಕ್ ಬಲೆಯ ಮಾರಾಟವನ್ನು ಅಮೆರಿಕ 2019ರ ಏಪ್ರಿಲಿನಲ್ಲಿ ನಿಲ್ಲಿಸಿತು. ಹೊಟ್ಟೆಯ ಕಡೆಯಿಂದ ಹಾಕುವ ಬಲೆ ಮತ್ತು ಸೋರುವಿಕೆಗೆ ಹಾಕುವ ಪಟ್ಟಿ ಇದರಿಂದ ಬೇರೆ. ನಿಮಗೆ ಹಾಕಹೊರಟಿರುವುದು ಯಾವುದು ಅಂತ ಕೇಳಿ.

ಸಹಿ ಹಾಕುವ ಮೊದಲು ನಾನಾದರೆ ಕೇಳುವುದು ಇವು. ಯಾವ ಗೋಡೆ, ಯಾವ ಹಂತ? ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಗರ್ಭಕೋಶ ಉಳಿಸಿಕೊಂಡೇ ಸರಿಪಡಿಸಲು ಬರುತ್ತದಾ? ಬಲೆ ಹಾಕುತ್ತೀರಾ? ಇಂಥದ್ದನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅದರಲ್ಲಿ ಮತ್ತೆ ಜಾರಿದವರು ಎಷ್ಟು ಜನ? ಆಮೇಲೆ ಸಂಭೋಗದಲ್ಲಿ ನೋವು ಬಂದರೆ ಯಾರ ಹತ್ತಿರ ಬರಬೇಕು? ಕೊನೆಯದನ್ನು ಕೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಚಿಕ್ಕಮ್ಮ ಹಾಗೆಯೇ ಮಾಡಿದ್ದು, 68ರಲ್ಲಿ.